ಕಬ್ಬಿಣ ಎಲ್ಲಿದ್ದರೂ ಕಬ್ಬಿಣವೇ

ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯನ್ನು ಹೊಗಳದವರೇ ಇಲ್ಲ, ನಾನೊಬ್ಬಳನ್ನು ಬಿಟ್ಟು. ಹೋದ ವರ್ಷ ಮುಂಗಾರಿನ ಹೊತ್ತಿಗೆ ಶಾಲೆಯ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆವು. ಗುಹೆ ನೋಡಿ ಮೆಟ್ಟಿಲಿಳಿಯುವಾಗ ದಪ್ಪ ದಪ್ಪ ಹನಿ ಬಿದ್ದವು. ಬೇಸಿಗೆಯುದ್ದಕ್ಕೂ ಕಾದ ಕೆಂಪು ಬಂಡೆ, ಅದರ ಬುಡದ ಕೆಂಪು ಮಣ್ಣು, ಎರಡರಿಂದಲೂ ಒಮ್ಮೆಗೇ ವಾಸನೆ ಎದ್ದಿತು. ಮಕ್ಕಳೆಲ್ಲ ಮೂಗು ಮೇಲೆತ್ತಿ ಆಹಾ ಓಹೋ ಎನ್ನುತ್ತಿದ್ದರೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. “ಏನ್ರಿ ಅಕ್ಕೋರ, ಮಣ್ಣಿನ ವಾಸ್ನಿನೂ ನಿಮಗ ಆಗಿಬರೂದಿಲ್ಲೇನು?” ಎಂದು ನಮ್ಮ ಹೆಡ್‌ಮಾಸ್ತರು ನಕ್ಕರು. ಹೌದ್ರಿ ಎಂದೆ. ಕಂಡಕಂಡವರಿಗೆಲ್ಲ ಎಲ್ಲ ಕಥೆ ಹೇಳಲಿಕ್ಕಾಗುತ್ತದೆಯೇ?

ಆ ವಾಸನೆ ಬಂದರೆ ನನಗೆ ಇಳಕಲ್ಲಿನ ಒಂದು ಮಳೆಗಾಲ ನೆನಪಾಗುತ್ತದೆ. ಆ ಮಳೆಗಾಲದಲ್ಲಿ ಮಾದೇವಿ ಎಂಬ ಹುಡುಗಿ ಹೊಟ್ಟೆಯಲ್ಲಿದ್ದ ಕೂಸಿನ ಸಮೇತ ಸಾಯುವುದರಲ್ಲಿದ್ದಳು. ನಾನು ಆಡಿದ ಒಂದು ಮಾತು ಅದಕ್ಕೆ ಕಾರಣ. ಸುಳ್ಳು ಮಾತಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಖರೆ ಮಾತೇ ಆಗಿತ್ತು.

ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದ ನನಗೆ ಇಳಕಲ್ಲಿನ ಹೈಸ್ಕೂಲು ಮೊದಲ ನೌಕರಿ. ವಿಜ್ಞಾನದ ಅಕ್ಕೋರು ಎಂದು ಹೋದೆ. ಗೌರವ್ವನ ಮನೆಯಲ್ಲಿ ಒಂದು ಖೋಲಿ ಬಾಡಿಗೆಗೆ ಸಿಕ್ಕಿತು. ಗೌರವ್ವನಿಗೆ ಆಗ ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಮಗ್ಗ ಬಿಡದೆ ಮಗನನ್ನು ಬೆಳೆಸಿದ ಹೆಂಗಸು. ಬೆಳಗ್ಗೆ ಎದ್ದು ಸ್ನಾನ, ಹಣೆಗೆ ವಿಭೂತಿ, ಲಿಂಗಪೂಜೆ, ಒಂದು ಸಜ್ಜಿ ರೊಟ್ಟಿ, ಆಮೇಲೆ ಪಡಸಾಲೆಯ ಕುಣಿಮಗ್ಗಕ್ಕೆ ಇಳಿದರೆ ಮಧ್ಯಾಹ್ನದವರೆಗೆ ಮೇಲೆ ಬರುತ್ತಿರಲಿಲ್ಲ. ಕೈಕಾಲಿನಷ್ಟೇ ಬಾಯಿಯೂ ಚುರುಕು. ಮಗ ಮಲ್ಲಪ್ಪ ಲಾರಿ ಡ್ರೈವರ. ಇಳಕಲ್ಲಿನ ಗ್ರಾನೈಟ್ ಹೇರಿಕೊಂಡು ಮಂಗಳೂರಿನ ಕಡೆ ಹೋದನೆಂದರೆ ತಿಂಗಳಿಗೆ ನಾಲ್ಕು ದಿನ ಮನೆ ಕಂಡರೆ ಹೆಚ್ಚು. ಆತನ ಹೆಂಡತಿಯೇ ಮಾದೇವಿ. ಬಾದಾಮಿಯ ಹತ್ತಿರದ ಹಳ್ಳಿಯವಳು, ಹತ್ತನೆಯ ಇಯತ್ತೆಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿ ಅಲ್ಲಿಗೇ ಓದು ನಿಲ್ಲಿಸಿದವಳು. ನಾನು ಹೋದಾಗ ಐದು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾದದ್ದು. ಆದರೆ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು, ತವರಿನಲ್ಲಿದ್ದದ್ದು ಅಪ್ಪ ಮತ್ತು ತಮ್ಮ. “ಗಂಡಸ್ರು ಏನ್ ಬಾಣಂತನ ಮಾಡ್ತಾರ, ನಾ ಮಾಡ್ತೇನಿ ಬಿಡ್ರಿ” ಎಂದು ಗೌರವ್ವನೇ ಇಟ್ಟುಕೊಂಡಿದ್ದಳು.

ಹತ್ತನೆಯ ಇಯತ್ತೆಯ ಹುಡುಗಿಯರಿಗೆ ನಾನು ಮನೆಯ ಪಡಸಾಲೆಯಲ್ಲೇ ಪಾಠ ಹೇಳುತ್ತಿದ್ದೆ. ಒಂದು ಕಡೆ ಗೌರವ್ವನ ಮಗ್ಗ ಟಕ್ ಟಕ್ ಎನ್ನುವುದು, ಇನ್ನೊಂದು ಮೂಲೆಯಲ್ಲಿ ಮಾದೇವಿ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುವುದು, ನಡುವೆ ನನ್ನ ಪಾಠ. ಮೊದಮೊದಲು ತಲೆನೋವು ಬಂತು. ಆಮೇಲೆ ಒಂದು ಸಂಗತಿ ಕಂಡುಕೊಂಡೆ. ಪಾಠ ರಂಗೇರಿದಾಗ ರಾಟೆ ನಿಲ್ಲುತ್ತಿತ್ತು. ನೂಲು ಕೈಯಲ್ಲೇ ಹಿಡಿದು ಆ ಹುಡುಗಿ ಬಾಯಿ ತೆರೆದು ಕೇಳುತ್ತಿದ್ದಳು. ರಾಟೆ ನಿಂತಿತೆಂದರೆ ನನಗೆ ಎಲ್ಲಿಲ್ಲದ ಹುರುಪು. ಇನ್‌ಸ್ಪೆಕ್ಟರು ಬಂದು ಶಹಬ್ಬಾಸ್ ಎಂದರೂ ಅಷ್ಟು ಖುಷಿಯಾಗುತ್ತಿರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಪಾಠ ಹೇಳುವ ಪ್ರೀತಿ ಇತ್ತು, ಸುಳ್ಳಲ್ಲ. ಹೇಳಬಲ್ಲೆನೆಂಬ ಸೊಕ್ಕೂ ಇತ್ತು.

ನಮ್ಮ ಕಡೆ ಮಳೆಗಾಲವೆಂದರೆ ಮಣ್ಣಿನ ಪೂಜೆಯ ಕಾಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಿಗೆ ಮಣ್ಣಿನ ಗುಳ್ಳವ್ವ, ಪಂಚಮಿಗೆ ಮಣ್ಣಿನ ನಾಗಪ್ಪ, ಆಮೇಲೆ ಗಣಪ್ಪ, ಜೋಕುಮಾರ. ಮೂರು ನಾಲ್ಕು ತಿಂಗಳು ಮನೆಯ ಗೋಡೆಯ ಮಾಡದಲ್ಲಿ ಹಸಿ ಮಣ್ಣು ಒಂದಲ್ಲ ಒಂದು ರೂಪದಲ್ಲಿ ಕೂತಿರುತ್ತದೆ. ಆ ವರ್ಷ ಅಮಾವಾಸ್ಯೆಗೆ ತಂದ ಎತ್ತಿನ ಜೋಡಿಯಲ್ಲಿ ಮೂರನೆಯ ದಿನ ಒಂದರ ಕೊಂಬು ಮಾಯವಾಯಿತು. ಮರುದಿನ ಇನ್ನೊಂದರ ಬೆನ್ನ ಮೇಲಿನ ಇಣಿ. ವಾರ ಕಳೆಯುವುದರಲ್ಲಿ ಎರಡೂ ಎತ್ತುಗಳು ಮೊಂಡು ಕುರಿಯಂತಾಗಿದ್ದವು.

“ಇಲಿ ಕಾಟ ಭಾಳ ಆಗೈತ್ರಿ ಅಕ್ಕೋರ” ಎಂದಳು ಗೌರವ್ವ.

“ಕಾಳು ಬಿಟ್ಟು ಮಣ್ಣು ತಿನ್ನೋ ಇಲಿ ಎಲ್ಲೈತ್ರಿ ಗೌರವ್ವಾರ?” ಎಂದೆ ನಾನು.

ಮಾದೇವಿ ತಲೆ ಬಗ್ಗಿಸಿ ರಾಟೆ ತಿರುಗಿಸುತ್ತಿದ್ದಳು. ಗೌರವ್ವ ಸೊಸೆಯ ಕಡೆ ಒಮ್ಮೆ ನೋಡಿ ತುಟಿಯಂಚಿನಲ್ಲಿ ನಕ್ಕಳು. ಅವರಿಬ್ಬರಿಗೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಆಷಾಢದ ಒಂದು ಮಂಗಳವಾರ. ಓಣಿಯ ಹುಡುಗಿಯರು ಗುಳ್ಳವ್ವನನ್ನು ಕೂರಿಸಿ ಬಂದಿದ್ದರು. ಪಾಠದ ನಡುವೆ ಒಬ್ಬಳು, “ಅಕ್ಕೋರ, ಮಂಗಳ ಗ್ರಹ ಯಾಕ ಕೆಂಪೈತ್ರಿ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಗ್ಗದ ಕುಣಿಯಿಂದ ಉತ್ತರ ಬಂತು. “ಅಂವ ಭೂಮಿತಾಯಿ ಮಗ ಅಲ್ಲೇನವಾ? ಮಗಾ ತಾಯಿ ಬಣ್ಣಾ ತಗೊಂಡು ಹುಟ್ಯಾನ!”

ಎಲ್ಲರೂ ನಕ್ಕೆವು. ನಗುತ್ತಲೇ ನಾನು ಹೇಳಿದೆ, ಗೌರವ್ವ ಹೇಳಿದ್ದು ತೀರ ತೆಗೆದುಹಾಕುವ ಮಾತಲ್ಲ ಎಂದು. ಅಲ್ಲಿಂದ ಶುರುವಾಯಿತು ನನ್ನ ಪ್ರವಚನ. ನಮ್ಮ ಹಿರಿಯರು ಇಡೀ ಜಗತ್ತು ಐದರಿಂದ ಆಗಿದೆ ಎಂದು ತಿಳಿದಿದ್ದರು, ನೆಲ ನೀರು ಬೆಂಕಿ ಗಾಳಿ ಆಕಾಶ. ಒಂದೊಂದಕ್ಕೂ ಒಂದೊಂದು ಗುರುತು ಹಚ್ಚಿದ್ದರು. ಆಕಾಶಕ್ಕೆ ಶಬ್ದ, ಗಾಳಿಗೆ ಮುಟ್ಟುವ ಗುಣ, ಬೆಂಕಿಗೆ ರೂಪ, ನೀರಿಗೆ ರುಚಿ, ನೆಲಕ್ಕೆ ವಾಸನೆ. ಯಾವುದಕ್ಕೆ ವಾಸನೆಯಿದೆಯೋ ಅದರಲ್ಲಿ ಮಣ್ಣಿದೆ ಎಂದು ಅವರ ತರ್ಕ. “ಮತ್ತ? ಐದ ತಗೊಂಡು ಬಂದೀವಿ, ಹೋಗುವಾಗ ಐದನ್ನೂ ತಿರುಗಿ ಕೊಟ್ಟು ಹೋಗೂದು” ಎಂದಳು ಗೌರವ್ವ. ಐದು ಸಾಲಲಿಲ್ಲ ಗೌರವ್ವಾರ, ಈಗ ಮೂಲವಸ್ತುಗಳು ನೂರು ದಾಟಿವೆ ಎಂದು ನಾನು ಮುಂದುವರಿಸಿದೆ. ನಮ್ಮ ಸೂರ್ಯನಿಗಿಂತ ಎಷ್ಟೋ ದೊಡ್ಡ ನಕ್ಷತ್ರಗಳ ಒಡಲಿನಲ್ಲಿ ಕಬ್ಬಿಣ ಹುಟ್ಟಿತು. ಅವು ಸಿಡಿದವು. ಆ ಧೂಳು ಒಂದುಗೂಡಿ ಸೂರ್ಯನಾಯಿತು, ಗ್ರಹಗಳಾದವು. ಬಹುಪಾಲು ಕಬ್ಬಿಣ ಭೂಮಿಯ ಹೊಟ್ಟೆಗೆ ಇಳಿಯಿತು, ಸ್ವಲ್ಪ ಮೇಲೆ ಉಳಿಯಿತು. ಮಂಗಳನ ಮೈಮೇಲಿರುವ ಕೆಂಪು ಬರೀ ತುಕ್ಕು. ಬಾದಾಮಿಯ ಬಂಡೆ ಕೆಂಪಾಗಿರುವುದೂ ಆ ತುಕ್ಕಿನಿಂದಲೇ. “ನಿಮ್ಮ ಬೆರಳಿಗೆ ಸೂಜಿ ಚುಚ್ಚಿದರೆ ಬರುವ ರಕ್ತದಲ್ಲಿ ಇರುವುದೂ ಅದೇ ಕಬ್ಬಿಣ. ಮಂಗಳ, ಬಾದಾಮಿ ಗುಡ್ಡ, ನೀವು, ಎಲ್ಲ ಒಂದೇ ಸಾಮಾನಿನಿಂದ ಆದವರು!”

ರಾಟೆ ಯಾವಾಗಲೋ ನಿಂತಿತ್ತು. ಅವತ್ತು ಮಗ್ಗವೂ ನಿಂತಿತು. ನನಗಂತೂ ಸ್ವರ್ಗ ಮೂರೇ ಗೇಣು.

ಹುಡುಗಿಯರು ಹೋದ ಮೇಲೆ ಮಾದೇವಿ ಬಾಗಿಲ ಹತ್ತಿರ ಬಂದು ನಿಂತಳು. ತಾನಾಗಿಯೇ ಮಾತಾಡುವ ಹುಡುಗಿಯಲ್ಲ.

“ಅಕ್ಕೋರ, ಒಂದ್ ಮಾತ್ ಕೇಳ್ಲೇನ್ರಿ? ದವಾಖಾನಿಯವ್ರು ಕೊಡೋ ಗುಳಿಗ್ಯಾಗಿನ ಕಬ್ಬಿಣ, ನಮ್ಮೂರ ಮಣ್ಣಾಗಿನ ಕಬ್ಬಿಣ, ಎರಡೂ ಒಂದೇನ್ರಿ?”

“ಒಂದೇ!” ಎಂದೆ. “ಕಬ್ಬಿಣ ಎಲ್ಲಿದ್ದರೂ ಕಬ್ಬಿಣವೇ. ಗುಳಿಗ್ಯಾಗಿದ್ರೂ ಅದ, ಮಣ್ಣಾಗಿದ್ರೂ ಅದ, ಚುಕ್ಕಿ ಒಳಗಿದ್ರೂ ಅದ. ಏನ್ ಪ್ರಶ್ನಿ ಕೇಳಿದಿ ಮಾದೇವಿ! ನೀ ಮುಂದ ಓದಬೇಕಾಗಿತ್ತು ನೋಡು.”

ಆಕೆಯ ಮುಖ ಅರಳಿತು. ನಾನು ಮರುದಿನ ಶಾಲೆಯಲ್ಲಿ ಎಲ್ಲರೆದುರು ಹೇಳಿಕೊಂಡೆ, ನಮ್ಮ ಮನೆಯ ಸೊಸೆಗಿರುವಷ್ಟು ತಲೆ ನಮ್ಮ ಇಡೀ ಕ್ಲಾಸಿಗಿಲ್ಲ ಎಂದು.

ಪಂಚಮಿಗೆ ಮಾದೇವಿಯ ತಮ್ಮ ಬಂದ. ಡಬ್ಬಿಯ ತುಂಬ ಉಂಡಿ, ಹೆಗಲ ಮೇಲೆ ಒಂದು ಗೊಬ್ಬರದ ಚೀಲದಲ್ಲಿ ಅರ್ಧದಷ್ಟು ಕೆಂಪು ಮಣ್ಣು. ಅಕ್ಕ ಫೋನು ಮಾಡಿ ತರಿಸಿದ್ದಳಂತೆ, ಮಲ್ಲಿಗೆ ಬಳ್ಳಿಗೆ ಎಂದು. “ಇಳಕಲ್ಲಾಗ ಮಣ್ಣಿಗೂ ಬರ ಬಂದೈತೇನ ಮಾದೇವಿ?” ಎಂದು ನಾನು ಚಾಷ್ಟಿ ಮಾಡಿದೆ. “ನಮ್ಮೂರ ಮಣ್ಣು ಬ್ಯಾರೆನ ಅಕ್ಕೋರ” ಎಂದು ನಕ್ಕಳು. ನಕ್ಕ ತುಟಿಗೆ ಬಣ್ಣವೇ ಇರಲಿಲ್ಲ. ಡಬ್ಬಿ ಎತ್ತಿಕೊಂಡು ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆ ಹಿಡಿದು ಏದುಸಿರು ಬಿಟ್ಟಳು. ನೋಡಿದೆ, ಏಳು ತಿಂಗಳಲ್ಲವೇ, ದಣಿವು ಇದ್ದದ್ದೇ ಎಂದುಕೊಂಡೆ. ಆಶಾ ಕಾರ್ಯಕರ್ತೆ ಬಂದಾಗಲೆಲ್ಲ “ಗುಳಿಗಿ ತಗೊಳ್ಳಾಕತ್ತೀಯಿಲ್ಲವಾ?” ಎಂದು ಕೇಳುವಳು. “ಹೂಂನ್ರಿ” ಎಂದು ಇವಳು ತಲೆಯಾಡಿಸುವಳು. ರಕ್ತ ತಪಾಸಣೆಗೆ ಬಾ ಎಂದರೆ ಮಳೆ, ನಾಳೆ, ಅತ್ತೀಗೆ ಸೀರಿ ಮುಗಸೂದೈತಿ ಎಂಬ ನೆವಗಳು.

ಗಣಪತಿ ಹಬ್ಬ ಕಳೆದ ಮೊದಲ ಭಾನುವಾರ. ಪರೀಕ್ಷೆ ಹತ್ತಿರ ಬಂದದ್ದರಿಂದ ಬೆಳಗ್ಗೆಯೇ ಪಾಠ ಇಟ್ಟುಕೊಂಡಿದ್ದೆ. ಹೊರಗೆ ಜಿಟಿಜಿಟಿ ಮಳೆ. ಬೆಳಕಿನ ಪಾಠ ನಡೆದಿತ್ತು. ರಾಟೆ ನಿಂತಿತು. ಸರಿ, ಮಾದೇವಿಗೆ ಪಾಠ ಹಿಡಿಸಿದೆ ಎಂದು ನಾನು ದನಿ ಇನ್ನಷ್ಟು ಏರಿಸಿದೆ, ಕೈ ಆಡಿಸಿದೆ, ಕನ್ನಡಿ ತರಿಸಿದೆ. ಎಷ್ಟು ಹೊತ್ತು ಹಾಗೆ ಹೇಳಿದೆನೋ, ದೇವರೇ! ಒಬ್ಬ ಹುಡುಗಿ ಚೀರಿದಾಗ ತಿರುಗಿ ನೋಡಿದೆ. ಮಾದೇವಿ ಗೋಡೆಗೆ ಒರಗಿ ಪಕ್ಕಕ್ಕೆ ವಾಲಿದ್ದಳು. ಕಣ್ಣು ಅರೆ ತೆರೆದಿದ್ದವು. ಕೈಯಲ್ಲಿ ನೂಲು ಹಾಗೇ ಇತ್ತು.

ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದೆ. ಸುಣ್ಣದ ಗೋಡೆಯಷ್ಟು ಬೆಳ್ಳಗಿತ್ತು. ಊರಿನ ದವಾಖಾನೆಯ ಡಾಕ್ಟರು ಒಂದೇ ನೋಟಕ್ಕೆ, ಇಲ್ಲಿ ಆಗುವುದಿಲ್ಲ, ಬಾಗಲಕೋಟೆಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಬರುವುದರೊಳಗೆ ಬಟ್ಟೆ ತರಲೆಂದು ನಾನು ಮನೆಗೆ ಓಡಿದೆ. ಆಕೆಯ ಟ್ರಂಕು ತೆರೆದರೆ ಸೀರೆಗಳ ಕೆಳಗೆ ಕೆಂಪು ಗುಳಿಗೆಯ ಪಟ್ಟಿಗಳು, ಮೊದಲನೆಯದರ ಎರಡು ಗುಳಿಗೆ ಬಿಟ್ಟರೆ ಒಂದನ್ನೂ ಒಡೆದಿರಲಿಲ್ಲ. ಟ್ರಂಕಿನ ಹಿಂದೆ ಆ ಚೀಲ. ಮಲ್ಲಿಗೆ ಬಳ್ಳಿಗೆ ಒಂದು ಹಿಡಿಯೂ ಹೋಗಿರಲಿಲ್ಲ, ಆದರೆ ಚೀಲ ಮುಕ್ಕಾಲು ಬರಿದಾಗಿತ್ತು. ಪಕ್ಕದಲ್ಲಿ ಒಂದು ಚಮಚೆ.

ಆಂಬುಲೆನ್ಸ್ ಹುನಗುಂದ ದಾಟಿದ ಮೇಲೆ ಮಾದೇವಿ ಕಣ್ಣು ಬಿಟ್ಟಳು. ಗೌರವ್ವ ಆಕೆಯ ಪಾದ ತಿಕ್ಕುತ್ತಿದ್ದಳು.

“ಅಕ್ಕೋರ, ನಾ ದಿನಾ ತಪ್ಪದ ತಿಂದೇನ್ರಿ. ಮತ್ತ್ಯಾಕ ಹಿಂಗಾತ್ರಿ?”

“ಗುಳಿಗಿ ಅಲ್ಲೇ ಅದಾವಲ್ಲ ಮಾದೇವಿ?”

“ಗುಳಿಗಿ ಅಲ್ರಿ, ಮಣ್ಣು. ಎರಡೂ ಒಂದ ಅಂದಿದ್ರಲ್ರಿ.”

ಇಂಥ ಹೊತ್ತಿನಲ್ಲೂ ಆಕೆಯ ಮಾತಿನಲ್ಲಿ ದೂರು ಇರಲಿಲ್ಲ, ಬಿಡಿಸಲಾಗದ ಲೆಕ್ಕವನ್ನು ಅಕ್ಕೋರ ಮುಂದೆ ಹಿಡಿದಂತೆ ಕೇಳಿದಳು. “ಬಸರಾದಾಗ ನಾನೂ ತಿಂದೇನಿ, ನಮ್ಮವ್ವನೂ ತಿಂದಾಳ. ಮಣ್ಣಿನ ಮೈ ಮಣ್ಣು ಬೇಡತೈತಿ ಅಂತ ನಾನೂ ಸುಮ್ಮನಿದ್ನಿ” ಎಂದು ಗೌರವ್ವ ಗೊಣಗಿದಳು. ಎತ್ತಿನ ಕೊಂಬು ಎಲ್ಲಿ ಹೋಗಿತ್ತೆಂಬುದು ಆಗ ತಿಳಿಯಿತು.

ಬಾಗಲಕೋಟೆಯ ದೊಡ್ಡ ದವಾಖಾನೆಯ ಡಾಕ್ಟರಮ್ಮ ನನ್ನದೇ ವಯಸ್ಸಿನವಳು. ನಾನು ಚೀಲದಿಂದ ಒಂದು ಹಿಡಿ ಮಣ್ಣನ್ನು ಕಾಗದದಲ್ಲಿ ಕಟ್ಟಿ ಒಯ್ದಿದ್ದೆ. ತೋರಿಸಿ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. “ಕಬ್ಬಿಣ ಐತ್ರಿ ಇದರಾಗ, ಇಲ್ಲ ಅನ್ನಂಗಿಲ್ಲ. ಆದ್ರ ತುಕ್ಕು ತಿಂದ್ರ ಹೊಟ್ಟಿ ಅದನ್ನ ಬಿಡಸ್ಕೊಳ್ಳಾಕ ಆಗೂದಿಲ್ಲ. ಮ್ಯಾಲ ಈ ಜಿಗಟು ಮಣ್ಣು ರೊಟ್ಟಿ ಪಲ್ಲೆದಾಗಿನ ಕಬ್ಬಿಣಾನೂ ಹಿಡಕೊಂಡು ಹೊರಗ ಒಯ್ತೈತಿ. ಮಣ್ಣು ಈಕೀಗೆ ಕೊಟ್ಟಿಲ್ಲ, ಈಕೀಕಡಿಂದ ಕಸಕೊಂಡೈತಿ” ಎಂದಳು. ತಕ್ಷಣ ಎರಡು ಬಾಟಲಿ ರಕ್ತ ಏರಿಸಬೇಕು. ಅವರಲ್ಲಿ ಇದ್ದದ್ದನ್ನು ಕೊಡುತ್ತಾರೆ, ಬದಲಿಗೆ ಮನೆಯವರಿಬ್ಬರು ರಕ್ತ ಕೊಡಬೇಕು. ತಡವಾದರೆ ತಾಯಿ ಕೂಸು ಇಬ್ಬರ ಮೇಲೂ ಭರವಸೆಯಿಲ್ಲ.

“ನಾ ಕೊಡ್ತೇನ್ರಿ” ಎಂದು ಎಲ್ಲರಿಗಿಂತ ಮೊದಲು ಎದ್ದವಳು ನಾನೇ. ರಕ್ತ ತೆಗೆಯುವ ಕೋಣೆಯಲ್ಲಿ ನರ್ಸು ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ನೀರಿನ ಗ್ಲಾಸಿಗೆ ಬಿಟ್ಟಳು. ಮೈಲುತುತ್ತದ ನೀರು. ಅದೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ವರ್ಷಕ್ಕೆ ಹತ್ತು ಸಲ ನಾನೇ ಕಲೆಸಿ ಮಕ್ಕಳಿಗೆ ತೋರಿಸುವಂಥದ್ದು. ಕಬ್ಬಿಣ ಸಾಕಷ್ಟಿದ್ದರೆ ಹನಿ ಮುಳುಗುತ್ತದೆ, ಕಡಿಮೆಯಿದ್ದರೆ ತೇಲುತ್ತದೆ. ನನ್ನ ಹನಿ ತೇಲಿತು. ಇನ್ನೊಂದು ಹಾಕಿಸಿದೆ. ಅದೂ ತೇಲಿತು. “ನಿಮ್ಮದ ನಿಮಗ ಸಾಲಂಗಿಲ್ಲ ಅಕ್ಕೋರ, ನೀವೂ ಗುಳಿಗಿ ಒಯ್ರಿ” ಎಂದಳು ನರ್ಸು.

ನನ್ನ ಹಿಂದೆ ನಿಂತಿದ್ದ ಗೌರವ್ವ ಮುಂದೆ ಬಂದು ಬೆರಳು ಚಾಚಿದಳು. ಆಕೆಯ ಹನಿ ನೀರಿಗೆ ಬಿದ್ದದ್ದೇ ಗುಂಡುಕಲ್ಲಿನಂತೆ ನೆಟ್ಟಗೆ ತಳಕ್ಕೆ ಹೋಯಿತು. ಆಕೆ ಗ್ಲಾಸನ್ನು ನೋಡಿದಳು, ನನ್ನನ್ನು ನೋಡಿದಳು. ಅಷ್ಟು ಸಂಕಟದಲ್ಲೂ ಆ ಬಾಯಿ ಸುಮ್ಮನಿರಬೇಕಲ್ಲ! “ಮಂಗಳನ ಮೈಯಾಗ ಏನೈತಿ ಅಂತ ಹೇಳ್ತೀರಿ. ನಿಮ್ಮ ಮೈಯಾಗ ಏನಿಲ್ಲ ಅಂತ ಗೊತ್ತಿಲ್ಲೇನ್ರಿ?”

ಇನ್ನೊಂದು ಬಾಟಲಿಯನ್ನು ಮಧ್ಯಾಹ್ನದ ಬಸ್ಸಿಗೆ ಬಾದಾಮಿಯಿಂದ ಬಂದ ತಮ್ಮ ಕೊಟ್ಟ. ಪಾಪ, ತಾನು ಹೊತ್ತು ತಂದ ಚೀಲದ ಮಣ್ಣು ಏನಾಯಿತೆಂದು ಕೇಳಿ ಅಲ್ಲೇ ಮೂಲೆಯಲ್ಲಿ ಕೂತು ಅತ್ತ. ಮಲ್ಲಪ್ಪ ಲಾರಿಯನ್ನು ಯಾರಿಗೋ ಒಪ್ಪಿಸಿ ಬರುತ್ತಿದ್ದೇನೆಂದು ಅರ್ಧ ತಾಸಿಗೊಮ್ಮೆ ಫೋನು ಮಾಡುತ್ತಿದ್ದ. ವಾರ್ಡಿನ ಹೊರಗಿನ ಬಾಕಿನ ಮೇಲೆ ನಾನು ಗೌರವ್ವನ ಕೈ ಹಿಡಿದು, ತಪ್ಪು ನನ್ನದು ಗೌರವ್ವಾರ, ನಾನೇ ಎರಡೂ ಒಂದೇ ಎಂದೆ, ಎಂದು ಹೇಳಿಬಿಟ್ಟೆ.

“ಗೊತ್ತೈತಿ ಬಿಡವಾ, ಗಾಡ್ಯಾಗ ಕೇಳಿದ್ನಿ” ಎಂದಳು. ಮೊದಲ ಸಲ ಅಕ್ಕೋರು ಎನ್ನದೆ ಮಗಳಿಗೆ ಹೇಳುವಂತೆ ಹೇಳಿದಳು. “ಇಡೀ ತಪ್ಪು ನೀ ಒಬ್ಬಾಕಿನ ಹೊರಬ್ಯಾಡ. ನೀ ಚುಕ್ಕಿ ನೋಡ್ಕೊಂತ ಕುಂತಿ, ನಾ ಮಗ್ಗದ ಎಳಿ ನೋಡ್ಕೊಂತ ಕುಂತ್ನಿ. ಹುಡುಗಿ ಮಾರಿ ಯಾರೂ ನೋಡ್ಲಿಲ್ಲ.”

ರಕ್ತ ಏರಿತು. ಮೂರನೆಯ ದಿನಕ್ಕೆ ತುಟಿಗೆ ಸ್ವಲ್ಪ ಬಣ್ಣ ಬಂತು. ಕೂಸು ಹೊಟ್ಟೆಯಲ್ಲಿ ಒದೆಯತೊಡಗಿತು. ವಾರ ಬಿಟ್ಟು ಮನೆಗೆ ಕಳಿಸಿದರು, ಗುಳಿಗೆ ಮಾತ್ರ ಒಂದು ದಿನವೂ ತಪ್ಪಕೂಡದೆಂದು ತಾಕೀತು ಮಾಡಿ. ಆಮೇಲೆ ಗೌರವ್ವನ ದರಬಾರು. ಊಟವಾಗಿ ಒಂದು ತಾಸಿಗೆ ಮಾದೇವಿಯನ್ನೂ ನನ್ನನ್ನೂ ಪಡಸಾಲೆಯಲ್ಲಿ ಎದುರೆದುರು ಕೂರಿಸಿ, ಲಿಂಬೆಹಣ್ಣಿನ ನೀರು ಕೊಟ್ಟು, ಇಬ್ಬರೂ ಗುಳಿಗೆ ನುಂಗುವವರೆಗೆ ಏಳಲು ಬಿಡುತ್ತಿರಲಿಲ್ಲ. ನಾನು ಮುಖ ಹಿಂಡುವುದನ್ನು ನೋಡಿ ಮಾದೇವಿಗೆ ನಗು. ಹತ್ತನೆಯ ಹುಡುಗಿಯರಿಗೆ ನಾನು ಆ ಮಂಗಳವಾರದ ಪಾಠವನ್ನು ಮತ್ತೆ ಮಾಡಿದೆ. ಯಾವುದರಲ್ಲಿ ಏನಿದೆ ಎಂದು ತಿಳಿಯುವುದು ಒಂದು, ಅದು ಯಾರಿಗೆ ಹೇಗೆ ದಕ್ಕುತ್ತದೆ ಎಂದು ತಿಳಿಯುವುದು ಇನ್ನೊಂದು, ಮೊದಲನೆಯದನ್ನಷ್ಟೇ ಹೇಳಿ ನಾನು ತಪ್ಪು ಮಾಡಿದೆ ಎಂದೆ. ರಾಟೆ ತಿರುಗುತ್ತಲೇ ಇತ್ತು. ಆ ದಿನಗಳಲ್ಲಿ ಅದು ತುಸು ನಿಂತರೂ ನಾನು ಪಾಠ ಬಿಟ್ಟು ತಿರುಗಿ ನೋಡುತ್ತಿದ್ದೆ.

ದಸರೆ ಕಳೆದು ನಾಲ್ಕನೆಯ ದಿನ ಹೆಣ್ಣು ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ದನಿ ಮಾತ್ರ ಅಜ್ಜಿಯದೇ. ತಾಯಿಗೆ ಏನೂ ಆಗಲಿಲ್ಲ. ಅವತ್ತು ಮಗ್ಗ ಬಿಟ್ಟು ಓಣಿಯ ತುಂಬ ಸಕ್ಕರೆ ಹಂಚಿಬಂದಳು ಗೌರವ್ವ.

ಐದನೆಯ ದಿನ ಸಂಜೆ ಬಾಣಂತಿಯ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಎಷ್ಟು ದಿನದಿಂದ ಹೇಳಬೇಕೆಂದುಕೊಂಡು ಹೇಳಲಾಗದೆ ಉಳಿದಿದ್ದ ಮಾತನ್ನು ಅಂದು ಹೇಳಿದೆ.

“ಮಾದೇವಿ, ಅವತ್ತ ನಾ ನಿನಗ ತಪ್ಪು ಹೇಳಿದ್ನಿ. ನನ್ನ ಕ್ಷಮಿಸವಾ.”

“ತಪ್ಪೆಲ್ಲಿ ಹೇಳಿದ್ರಿ ಅಕ್ಕೋರ?” ಎಂದಳು ಕೂಸಿನ ಕುಲಾವಿ ಸರಿಮಾಡುತ್ತ. “ಕಬ್ಬಿಣ ಎರಡೂ ಒಂದ ಅಂತ ಡಾಕ್ಟರೂ ಹೇಳಿದ್ರಲ್ರಿ. ಆದ್ರ…”

“ಹೇಳು.”

“ನಾ ಕೇಳಿದಾಗ ನಿಮಗ ಭಾಳ ಖುಷಿ ಆತು. ಛಲೋ ಪ್ರಶ್ನಿ ಅಂದ್ರಿ. ಯಾಕ ಕೇಳಾಕತ್ತೀ ಅಂತ ಕೇಳ್ಲಿಲ್ರಿ.”

ಕೂಸು ಕುಸುಗುಟ್ಟಿತು. ಅದನ್ನು ಎದೆಗವಚಿಕೊಂಡು ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದಳು.

“ಕೇಳಿದ್ರ ಹೇಳ್ತಿದ್ನಿ. ಗುಳಿಗಿ ನುಂಗಿದ್ರ ವಾಂತಿ ಆಗ್ತೈತಿ, ಅತ್ತೀಗೆ ಹೇಳಾಕ ಅಂಜಿಕಿ, ಮಣ್ಣು ತಿಂದ್ರ ಜೀವಕ್ಕ ತಂಪನಸ್ತೈತಿ, ಏನ್ ಮಾಡ್ಲಿ ಅಂತ. ಇಂಥಾದ್ನೆಲ್ಲ ಅವ್ವನ್ನ ಕೇಳ್ತಾರ್ರಿ. ನನಗ ಅವ್ವ ಇಲ್ಲಲ್ರಿ ಅಕ್ಕೋರ, ಅದಕ್ಕ ನಿಮ್ಮನ್ನ ಕೇಳಿದ್ನಿ.”